ಇಕ್ಕೇರಿಯ ಕೋಲಾಟದ ಮೇಳ

ಅರಸರ ಯುದ್ಧಗಳಿಗೂ ದಾನಗಳಿಗೂ ಶಾಸನಗಳುಂಟು. ದೇವಾಲಯಗಳಿಗೆ ಕಲ್ಲೇ ಸಾಕ್ಷಿ. ಕುಣಿತಕ್ಕೆ ಮಾತ್ರ ಇಂತಹ ಆಧಾರಗಳು ಬಹು ಅಪರೂಪ. ಇಟ್ಟ ಹೆಜ್ಜೆ ನೆಲದಲ್ಲಿ ಉಳಿಯುವುದಿಲ್ಲ, ಹಾಡಿದ ಹಾಡು ಗಾಳಿಯಲ್ಲಿ ಲಯವಾಗುತ್ತದೆ. ಅದರಲ್ಲಿಯೂ ಅರಮನೆಯ ಆಶ್ರಯವಿಲ್ಲದೆ, ಗುರುವಿನ ಕಟ್ಟುಪಾಡಿಲ್ಲದೆ, ಕೇರಿಯ ಹೆಣ್ಣುಮಕ್ಕಳು ಹಬ್ಬದ ದಿನ ತಾವು ತಾವೇ ಕೂಡಿ ಆಡಿದ ಆಟಕ್ಕೆ ಚರಿತ್ರೆಯನ್ನು ಹುಡುಕಹೊರಟರೆ ಬರಿಗೈಯಲ್ಲಿ ಹಿಂದಿರುಗಬೇಕಾಗುವುದೇ ಹೆಚ್ಚು. ಶಿವಮೊಗ್ಗೆಯ ಸೀಮೆಗೆ ಈ ವಿಷಯದಲ್ಲಿ ಒಂದು ಭಾಗ್ಯ ಒದಗಿಬಂದಿದೆ. ಇಲ್ಲಿಯ ಕೋಲಾಟದ ಒಂದು ಮೇಳವನ್ನು ಕಣ್ಣಾರೆ ಕಂಡು, ಉಡಿಗೆ ತೊಡಿಗೆ ವಾದ್ಯ ಹಾಡುಗಳ ಸಮೇತವಾಗಿ ಬರೆದಿಟ್ಟ ಪರದೇಶೀಯನೊಬ್ಬನಿದ್ದನು. ಆತನು ಕಂಡದ್ದು ೧೬೨೩ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ; ಸ್ಥಳವು ಇಕ್ಕೇರಿ.

ಈತನ ಹೆಸರು ಪಿಯೆತ್ರೊ ದೆಲ್ಲಾ ವಾಲ್ಲೆ. ೧೫೮೬ರಲ್ಲಿ ರೋಮ್ ನಗರದ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು. ೧೬೧೪ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿ ತುರ್ಕಿ, ಈಜಿಪ್ಟ್, ಪರ್ಷಿಯಾ ದೇಶಗಳನ್ನು ಸುತ್ತಿ, ಕಡೆಗೆ ಗೋವೆಗೆ ಬಂದು ಸೇರಿದನು. ಆ ಕಾಲದಲ್ಲಿ ಗೋವೆಯ ಪೋರ್ಚುಗೀಸರಿಗೂ ಇಕ್ಕೇರಿಯ ವೆಂಕಟಪ್ಪನಾಯಕನಿಗೂ ಮೆಣಸಿನ ವ್ಯಾಪಾರದ ಸಂಬಂಧವೂ ಇತ್ತು, ಕರಾವಳಿಯ ಬಂಗರಸನ ಭೂಮಿಯನ್ನು ಕುರಿತ ವಿವಾದವೂ ಇತ್ತು. ಇವುಗಳನ್ನು ಮಾತನಾಡಿ ಬಗೆಹರಿಸುವುದಕ್ಕೆ ವೈಸ್‌ರಾಯನು ಒಬ್ಬ ರಾಯಭಾರಿಯನ್ನು ಕಳುಹಿಸಿದನು. ನಾಯಕನ ಕಡೆಯಿಂದ ವಿಠಲ ಶೆಣೈ ಎಂಬಾತನು ಜೊತೆಗಿದ್ದನು. ದೆಲ್ಲಾ ವಾಲ್ಲೆಗೆ ವ್ಯಾಪಾರವೂ ಬೇಡ, ರಾಜಕಾರ್ಯವೂ ಬೇಡ. ದೇಶ ನೋಡುವ ಕುತೂಹಲ ಒಂದೇ. ರಾಯಭಾರದ ತಂಡದೊಡನೆ ಅವನೂ ಹೊರಟನು. ಹೊನ್ನಾವರದಲ್ಲಿ ಇಳಿದು, ಶರಾವತಿಯಲ್ಲಿ ದೋಣಿಯ ಮೇಲೆ ಗೇರುಸೊಪ್ಪೆಯವರೆಗೆ ಸಾಗಿ, ಅಲ್ಲಿಂದ ಘಟ್ಟವನ್ನು ಹತ್ತಿ ಇಕ್ಕೇರಿಯನ್ನು ಮುಟ್ಟಿದನು. ರಾಯಭಾರದಿಂದ ಪೋರ್ಚುಗೀಸರಿಗೆ ದೊರೆತ ಲಾಭವೆಷ್ಟೆಂಬುದು ಇಲ್ಲಿ ಅಪ್ರಸ್ತುತ. ಕನ್ನಡಿಗರಿಗೆ ದೊರೆತದ್ದು ದೊಡ್ಡದು.

ಒಂದು ಸಂಜೆ ಅವನು ಇಕ್ಕೇರಿಯ ಬೀದಿಯಲ್ಲಿ ಹೋಗುತ್ತಿರುವಾಗ ಎದುರಿಗೆ ಹುಡುಗಿಯರ ಗುಂಪುಗಳು ಬಂದವು. ಸೊಂಟದಿಂದ ಕೆಳಗೆ ಚಿತ್ರದ ಕೆಲಸವುಳ್ಳ ರೇಷ್ಮೆ. ಹೆಗಲ ಮೇಲೆ ತೆಳುವಾದ ವಸ್ತ್ರ. ತಲೆಯ ಮೇಲೆ ಹಳದಿ ಮತ್ತು ಬಿಳಿಯ ಹೂವುಗಳನ್ನು ಕಿರೀಟದಂತೆ ಎತ್ತರವಾಗಿ ಕಟ್ಟಿದ ಅಲಂಕಾರ. ಒಬ್ಬೊಬ್ಬಳ ಎರಡು ಕೈಗಳಲ್ಲಿಯೂ ಬಣ್ಣ ಹಚ್ಚಿದ ದುಂಡನೆಯ ಸಣ್ಣ ಕೋಲು, ಒಂದು ಗೇಣು ಅಥವಾ ಅದಕ್ಕಿಂತ ತುಸು ಹೆಚ್ಚು ಉದ್ದ. ಡೋಲು ಮೊದಲಾದ ವಾದ್ಯಗಳ ಗತಿಗೆ ಸರಿಯಾಗಿ ಆ ಕೋಲುಗಳನ್ನು ಹೊಡೆಯುತ್ತ ನಡೆಯುತ್ತಿದ್ದರು. ಅವರಲ್ಲಿ ಹೆಚ್ಚು ಬಲ್ಲವಳೊಬ್ಬಳು ಒಂದು ನುಡಿಯನ್ನು ಹಾಡುವಳು. ಮುಗಿದೊಡನೆ ಉಳಿದವರೆಲ್ಲರೂ ತಾಳಕ್ಕೆ ಹೊಂದುವಂತೆ ಏಳೆಂಟು ಸಲ ಒಂದೇ ಮಾತನ್ನು ಕೂಗಿ ಉತ್ತರ ಕೊಡುವರು. ಆ ಮಾತು ಅವನ ಕಿವಿಗೆ 'ಕೋಲೇ' ಎಂದು ಕೇಳಿಸಿತು, ಹಾಗೆಯೇ ಬರೆದುಕೊಂಡನು. ಅದರ ಅರ್ಥ ತನಗೆ ತಿಳಿಯದೆಂದೂ, ಪ್ರಾಯಶಃ ಸಂತೋಷಸೂಚಕವಾದ ಉದ್ಗಾರವಿರಬಹುದೆಂದೂ ಸೇರಿಸಿದನು.

ಕನ್ನಡದ ಮಗುವಿಗೂ ತಿಳಿದ ಮಾತು ಅದು. ಕೈಯಲ್ಲಿದ್ದ ಕೋಲನ್ನೇ ಕರೆದು ಹಾಡುವ ಪಲ್ಲವಿ, ಇಂದಿಗೂ ಕೋಲಾಟದ ಪದಗಳ ಕೊನೆಯಲ್ಲಿ ಬರುವ ಪಲ್ಲವಿ. ಅರ್ಥ ತಿಳಿಯದವನು ಧ್ವನಿಯನ್ನು ಮಾತ್ರ ನಂಬಿ ಬರೆದದ್ದರಿಂದಲೇ ಈ ಸಾಕ್ಷ್ಯಕ್ಕೆ ಬೆಲೆ ಬಂದಿದೆ. ತಿಳಿದವನಾಗಿದ್ದರೆ 'ಏನೋ ಒಂದು ಕೋಲಿನ ಹಾಡು' ಎಂದು ಬರೆದು ಮುಂದೆ ಹೋಗುತ್ತಿದ್ದನೋ ಏನೋ. ಅರ್ಥಹೀನವೆಂದು ತೋರಿದ ಒಂದು ಶಬ್ದವನ್ನು ನೇಪಲ್ಸಿನ ಗೆಳೆಯನಿಗೆ ಬರೆದ ಓಲೆಯಲ್ಲಿ ಭದ್ರವಾಗಿ ಕಳುಹಿಸಿದನು. ಮೂರು ಶತಮಾನಗಳಿಗೂ ಮೇಲ್ಪಟ್ಟು ಆ ಶಬ್ದ ಅಲ್ಲಿ ಕೆಡದೆ ಉಳಿದಿದೆ.

ಹುಡುಗಿಯರು ಎಂಟು ಹತ್ತು ಜನ ಒಂದೊಂದು ಗುಂಪಾಗಿ ಹೋಗುತ್ತಿದ್ದರೆಂದೂ, ಅವರು ಪರಸ್ಪರ ಗೆಳತಿಯರೋ ನೆರೆಹೊರೆಯವರೋ ಆಗಿದ್ದರೆಂದೂ, ಅಂತಹ ಅಲಂಕಾರವಿಲ್ಲದ ಇತರ ಹೆಂಗಸರು, ಎಂದರೆ ತಾಯಂದಿರು ಮತ್ತು ಬಂಧುಗಳು, ಹಿಂದೆ ಹಿಂದೆ ನಡೆಯುತ್ತಿದ್ದರೆಂದೂ ಅವನು ಹೇಳುತ್ತಾನೆ. ಈ ಮಾತನ್ನು ಹಗುರವಾಗಿ ಬಿಡತಕ್ಕದ್ದಲ್ಲ. ಇವರು ದೇವಾಲಯದ ಸೇವೆಗೆ ನಿಂತ ನರ್ತಕಿಯರಲ್ಲ. ಅವರನ್ನು ದೆಲ್ಲಾ ವಾಲ್ಲೆ ಬೇರೆ ಸಂದರ್ಭಗಳಲ್ಲಿ ಕಂಡು ಬೇರೆಯಾಗಿಯೇ ವರ್ಣಿಸಿದ್ದಾನೆ. ಇವರು ಗೃಹಸ್ಥರ ಮಕ್ಕಳು. ತಾಯಂದಿರ ಸಮ್ಮುಖದಲ್ಲಿ, ರಾಜಧಾನಿಯ ಬೀದಿಯಲ್ಲಿ, ದೀಪ ಹೊತ್ತಿದ ಮೇಲೆ, ಹಾಡುತ್ತ ಕುಣಿಯುತ್ತ ಹೋಗುವುದು ಆ ಊರಿನ ಮರ್ಯಾದೆಗೆ ಕುಂದೆಂದು ಯಾರೂ ಎಣಿಸಿರಲಿಲ್ಲ. ಮೇಳವೆಂಬುದು ಹೇಗೆ ಕಟ್ಟಿಕೊಳ್ಳುತ್ತಿತ್ತೆಂಬುದಕ್ಕೂ ಇಲ್ಲಿ ಉತ್ತರವಿದೆ. ನೆರೆಹೊರೆಯೇ ಅದರ ಮೂಲ.

ಇದು ಯಾವುದೋ ವಿಶೇಷ ಹಬ್ಬವಿರಬೇಕೆಂದು ಊಹಿಸಿ, ಹಿಂಬಾಲಿಸಿ ಹೋಗಿ ನೋಡಬೇಕೆಂದು ಅವನಿಗೆ ಆಸೆಯಾಯಿತಂತೆ. ಆದರೆ ಜೊತೆಯಲ್ಲಿ ಇತರರಿದ್ದುದರಿಂದ ಹಾಗೆ ಮಾಡುವುದು ಯುಕ್ತವಾಗಿ ತೋರಲಿಲ್ಲ. ರಾಯಭಾರದ ಗೌರವವು ಚರಿತ್ರೆಗೆ ಮಾಡಿದ ನಷ್ಟ ಇದು! ಆಮೇಲೆ ವಿಚಾರಿಸಿ ತಿಳಿದುಕೊಂಡದ್ದೇನೆಂದರೆ: ಹುಡುಗಿಯರು ದೊಡ್ಡ ಗುಡಿಯ ಮುಂದಣ ಅಂಗಳಕ್ಕೆ ಹೋಗಿ, ಅಲ್ಲಿ ವರ್ತುಲವಾಗಿ ನಿಂತು, ಹೊತ್ತು ಬಹಳವಾಗುವವರೆಗೆ ಹಾಡಿ ಕುಣಿದರು, ಮಹಾದೇವನ ಪತ್ನಿಯಾದ ಗೌರಿಯ ಪ್ರೀತ್ಯರ್ಥವಾದ ಹಬ್ಬದ ಕೊನೆಯಲ್ಲಿ ಮೂರು ದಿನ ಹೀಗೆ ನಡೆಯುವುದು, ಗೌರಿಯ ಹಬ್ಬವಾದ ಕಾರಣ ಕನ್ಯೆಯರು ಇದನ್ನು ಆಚರಿಸುವರು.

ವಾಚಕರಲ್ಲಿ ಕೆಲವರಿಗೆ ಇಲ್ಲಿ ಸಂದೇಹ ಬರಬಹುದು. ಮೈಸೂರು ಸೀಮೆಯಲ್ಲಿ ಗೌರಿ ಎಂದರೆ ಭಾದ್ರಪದದ ತದಿಗೆ, ಗಣೇಶನ ಹಿಂದಿನ ದಿನ; ನವೆಂಬರಿನಲ್ಲಿ ಗೌರಿಯ ಹಬ್ಬ ಎಲ್ಲಿಂದ ಬಂದಿತು? ಪರಿಹಾರ ಕಷ್ಟವಲ್ಲ. ಮಲೆನಾಡಿನ ಅಂಚಿನಿಂದ ಆರಂಭಿಸಿ ಉತ್ತರಕ್ಕೆ ಹೋದಂತೆ ಕಾರ್ತಿಕದ ಪೂರ್ಣಿಮೆಯನ್ನು ಗೌರಿ ಹುಣ್ಣಿಮೆಯೆಂದು ಕರೆಯುವ ರೂಢಿಯುಂಟು. ಸಕ್ಕರೆಯ ಗೊಂಬೆಗಳನ್ನಿಟ್ಟ ಆರತಿಯನ್ನು ಹಿಡಿದು ಹೆಣ್ಣುಮಕ್ಕಳು ಗೌರಿಗೆ ಬೆಳಗಲು ಹೋಗುವರು. ಕೋಲಾಟವೂ ಆ ದಿನಗಳಿಗೆ ಸೇರಿದ್ದು. ೧೬೨೩ರಲ್ಲಿ ದೀಪಾವಳಿಯು ಅಕ್ಟೋಬರ್ ೨೪ರ ಸುಮಾರಿಗೆ ಬಂದಿತ್ತು. ಲೆಕ್ಕ ಹಾಕಿದರೆ ಕಾರ್ತಿಕದ ಹುಣ್ಣಿಮೆ ನವೆಂಬರ್ ೭ರ ಸುಮಾರಿಗೆ ಬೀಳುತ್ತದೆ. ಪ್ರವಾಸಿಯ ಮಾತಿಗೂ ಪಂಚಾಂಗಕ್ಕೂ ವಿರೋಧವಿಲ್ಲ. ಅವನು ಗೌರಿ ಹುಣ್ಣಿಮೆಯ ಕೋಲಾಟವನ್ನೇ ಕಂಡನೆಂದು ಹೇಳುವುದಕ್ಕೆ ಅಡ್ಡಿ ತೋರುವುದಿಲ್ಲ. ಹಳದಿಯ ಹೂವು ಸೇವಂತಿಗೆಯೇ ಆಗಿದ್ದೀತು. ಅದು ಬಿಡುವ ಕಾಲವೂ ಅದೇ.

ದೊಡ್ಡ ಗುಡಿಯೆಂದರೆ ಅಘೋರೇಶ್ವರ ದೇವಾಲಯ. ಸಾಗರದ ದಕ್ಷಿಣಕ್ಕೆ ಸ್ವಲ್ಪ ದೂರದಲ್ಲಿ ಅದು ಈಗಲೂ ನಿಂತಿದೆ. ಎದುರಿಗೆ ಪ್ರತ್ಯೇಕವಾದ ನಂದಿಮಂಟಪ. ಒಳಗೆ ನೆಲದ ಮೇಲೆ ದೇವರಿಗೆ ಅಡ್ಡಬಿದ್ದಂತೆ ಕೆತ್ತಿದ ಮೂವರು ಕೆಳದಿಯ ಅರಸರ ರೂಪಗಳು. ಇಲ್ಲಿಯ ನಡುಗಂಬಗಳ ಅಂತರವನ್ನೇ ತೋಟದ ಭೂಮಿಯನ್ನು ಅಳೆಯುವ ಗಳುವಿಗೆ ಪ್ರಮಾಣವಾಗಿ ಇಟ್ಟುಕೊಂಡಿದ್ದರೆಂದು ಗ್ಯಾಸೆಟಿಯರಿನಲ್ಲಿ ಹೇಳಿದೆ. ಅದು ೧೮ ಅಡಿ ೬ ಅಂಗುಲ. ಹೀಗೆ ಗುಡಿಯ ಒಳಗೆ ಅಡಕೆಯ ತೋಟವನ್ನು ಅಳೆಯುವ ಕೋಲು, ಹೊರಗೆ ಹುಣ್ಣಿಮೆಯ ತಾಳವನ್ನು ಅಳೆಯುವ ಕೋಲು. ಒಂದಕ್ಕೆ ಸರಕಾರದ ದಾಖಲೆ ಉಂಟಾಯಿತು. ಇನ್ನೊಂದಕ್ಕೆ ದಾರಿಹೋಕನ ಓಲೆಯೇ ಗತಿಯಾಯಿತು.

ಗುರುವಿಲ್ಲದೆ ಈ ಮೇಳಗಳು ಹಾಡನ್ನೂ ಹೆಜ್ಜೆಯನ್ನೂ ಹೇಗೆ ನೆನಪಿನಲ್ಲಿ ಇಟ್ಟುಕೊಳ್ಳುತ್ತಿದ್ದವು? ಇದಕ್ಕೂ ಅದೇ ಪ್ರವಾಸಿಯ ಬರಹದಿಂದಲೇ ಒಂದು ಸೂಚನೆ ದೊರೆಯುತ್ತದೆ. ಇಕ್ಕೇರಿಗೆ ಬರುವ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ನಾಲ್ವರು ಹುಡುಗರು ಲೆಕ್ಕವನ್ನು ಕಲಿಯುತ್ತಿದ್ದರು. ಒಬ್ಬನು ಪಾಠದ ಒಂದು ಭಾಗವನ್ನು ರಾಗವಾಗಿ ಹಾಡುವನು, ಹಾಡುತ್ತಲೇ ನೆಲದ ಮೇಲೆ ಹರಡಿದ ನುಣುಪಾದ ಮರಳಿನಲ್ಲಿ ಬೆರಳಿನಿಂದ ಬರೆಯುವನು. ಉಳಿದವರು ಅದನ್ನೇ ಹಾಡಿ ಅದನ್ನೇ ಬರೆಯುವರು. ಮರಳು ತುಂಬಿದರೆ ಅಳಿಸಿ ಹೊಸ ಮರಳು ಚೆಲ್ಲುವರು. ಉಪಾಧ್ಯಾಯರಿಲ್ಲದಿರುವಾಗ ಮರೆತದ್ದನ್ನು ತಿದ್ದುವವರು ಯಾರೆಂದು ಕೇಳಿದ್ದಕ್ಕೆ, ನಾಲ್ವರೂ ಒಂದೇ ಸ್ಥಳದಲ್ಲಿ ಮರೆಯುವುದು ಸಾಧ್ಯವಿಲ್ಲವೆಂದು ಹುಡುಗರು ಉತ್ತರಕೊಟ್ಟರಂತೆ. ಕೋಲಾಟದ ಮೇಳಕ್ಕೂ ಈ ಉತ್ತರ ಅಕ್ಷರಶಃ ಹೊಂದುತ್ತದೆ. ಒಬ್ಬಳು ಹಾಡುವಳು, ಉಳಿದವರು ಓಗೊಡುವರು. ಒಬ್ಬಳ ಹೆಜ್ಜೆ ತಪ್ಪಿದರೆ ಪಕ್ಕದವಳ ಕೋಲು ಗಾಳಿಯನ್ನು ಹೊಡೆಯುತ್ತದೆ, ತಪ್ಪು ಆ ಕ್ಷಣವೇ ಗೊತ್ತಾಗುತ್ತದೆ. ಹತ್ತು ಜನ ಒಟ್ಟಾಗಿ ಮರೆಯುವುದಿಲ್ಲ. ಆದರೆ ಹತ್ತು ಜನ ಒಟ್ಟಾಗಿ ಸೇರದೆ ಹೋದರೆ ಒಬ್ಬಳಿಗೇ ಅದು ನೆನಪಿನಲ್ಲಿ ಉಳಿಯುವುದೂ ಇಲ್ಲ.

ಅದೇ ಊರು, ಅದೇ ತಿಂಗಳು, ಅದೇ ಬೀದಿ. ಇನ್ನೊಂದು ದೃಶ್ಯವನ್ನೂ ದೆಲ್ಲಾ ವಾಲ್ಲೆ ಕಂಡನು. ಅದನ್ನು ಮರೆಮಾಚಿ ಹೂವಿನ ಕಿರೀಟಗಳನ್ನು ಮಾತ್ರ ವರ್ಣಿಸುವುದು ನ್ಯಾಯವಲ್ಲ. ಒಂದು ರಾತ್ರಿ ವಾದ್ಯದ ಸದ್ದಿನೊಡನೆ ಒಬ್ಬ ಹೆಂಗಸು ಕುದುರೆಯ ಮೇಲೆ ಕುಳಿತು ಬರುತ್ತಿದ್ದಳು. ಮುಖಕ್ಕೆ ಮುಸುಕಿಲ್ಲ, ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಯ ಹಣ್ಣು. ಗಂಡನು ಸತ್ತಿದ್ದನು, ಅವಳು ಬೆಂಕಿಯನ್ನು ಹೊಗುವ ನಿಶ್ಚಯ ಮಾಡಿ, ಪದ್ಧತಿಯಂತೆ ಊರಿಗೆ ವಿದಾಯ ಹೇಳುತ್ತಿದ್ದಳು. ಪ್ರವಾಸಿಯು ಆಮೇಲೆ ಅವಳ ಮನೆಗೇ ಹೋಗಿ ದುಭಾಷಿಯ ಮೂಲಕ ಮಾತನಾಡಿದನು. ಅವಳ ಹೆಸರು ಜಕ್ಕಮ್ಮ, ತೆಲುಗರವಳು. ಗಂಡನು ಡೋಲು ಬಾರಿಸುವವನಾಗಿದ್ದನು. ಸಣ್ಣ ಮಕ್ಕಳಿದ್ದರು. ಬೇಡವೆಂದು ಅವನು ಬಗೆಬಗೆಯಾಗಿ ಹೇಳಿದನು. ಅವಳು ನಗುನಗುತ್ತಲೇ ಒಪ್ಪದೆ ಹೋದಳು. ಹೀಗೆ ಹೇಳಿದವನು ಸ್ವತಃ ಹೆಂಡತಿಯನ್ನು ಕಳೆದುಕೊಂಡವನು. ಬಾಗದಾದಿನಲ್ಲಿ ತಾನು ಕೈಹಿಡಿದ ಸಿತ್ತಿ ಮಾನಿಯು ೧೬೨೧ರ ಕೊನೆಯಲ್ಲಿ ತೀರಿಕೊಂಡಾಗ, ಅವಳ ದೇಹಕ್ಕೆ ಸುಗಂಧದ್ರವ್ಯಗಳನ್ನು ಪೂಸಿ, ಪೆಟ್ಟಿಗೆಯಲ್ಲಿರಿಸಿ, ಹಿಂದೂಸ್ಥಾನಕ್ಕೂ ಹೊತ್ತು ತಂದಿದ್ದನು. ಅವನಿಗೆ ಜಕ್ಕಮ್ಮನ ಮಾತು ಎಷ್ಟು ನಾಟಿತೆಂಬುದನ್ನು ಅವನ ಬರಹವೇ ಹೇಳುತ್ತದೆ.

ಗೌರಿಯ ಹುಡುಗಿಯರ ಮುಂದೆ ಬಾರಿಸಿದ ಡೋಲು, ಜಕ್ಕಮ್ಮನ ಮುಂದೆ ಬಾರಿಸಿದ ಡೋಲು, ಸತ್ತ ಗಂಡನ ಕಸುಬಿನ ಡೋಲು. ಇವೆಲ್ಲ ಒಂದೇ ಪೇಟೆಯ ಕೆಲವೇ ಮನೆಗಳಿಂದ ಬಂದವಾಗಿರಬೇಕು. ಹೆಣ್ಣು ಬೀದಿಗೆ ಬಂದು ಎಲ್ಲರ ಎದುರಿಗೆ ನಿಲ್ಲುವುದಕ್ಕೆ ಆ ಊರಿನಲ್ಲಿ ಅಡ್ಡಿಯಿರಲಿಲ್ಲವೆಂದು ಮೇಲೆ ಹೇಳಿದೆ. ಆ ಬೀದಿ ಎಲ್ಲಿಗೆ ಒಯ್ಯುತ್ತಿತ್ತೆಂಬುದು ಅವಳು ಕನ್ನಿಕೆಯೋ ವಿಧವೆಯೋ ಎಂಬುದರ ಮೇಲೆ ನಿಂತಿತ್ತು.

ಕೋಲಾಟವು ಇಕ್ಕೇರಿಯಲ್ಲಿ ಹುಟ್ಟಿದ್ದಲ್ಲ. ಕಾಕತೀಯ ಗಣಪತಿದೇವನ ಗಜಸೈನ್ಯಾಧಿಪತಿಯಾಗಿದ್ದ ಜಾಯ ಸೇನಾಪತಿಯು ೧೨೫೩-೫೪ರಲ್ಲಿ ಬರೆದ ನೃತ್ತರತ್ನಾವಳಿಯಲ್ಲಿ ದೇಶೀ ನೃತ್ಯಗಳ ಸಾಲಿನಲ್ಲಿ ದಂಡರಾಸಕವು ಬರುತ್ತದೆ. ಹಂಪೆಯ ಮಹಾನವಮಿಯ ದಿಬ್ಬದ ಕಲ್ಲುಗಳಲ್ಲಿ ಕೋಲು ಹಿಡಿದು ಕುಣಿಯುವ ಹೆಂಗಳೆಯರ ಸಾಲುಗಳಿವೆ. ನೆರೆಯಲ್ಲಿಯೂ ಇದರ ಬಳಗ ದೊಡ್ಡದು. ತಮಿಳರ ಕೋಲಾಟ್ಟಂ, ಮಲೆಯಾಳಿಗಳ ಕೋಲ್ಕಳಿ, ಗುಜರಾತಿನ ದಾಂಡಿಯಾ, ಪುತ್ತರಿಯಲ್ಲಿ ಕೊಡಗಿನ ಗಂಡಸರು ಮಂದಿನಲ್ಲಿ ಆಡುವ ಕೋಲಾಟ. ತಿರುನೆಲ್ವೇಲಿಯ ಕಡೆ ದೀಪಾವಳಿಯ ಅಮಾವಾಸ್ಯೆ ಕಳೆದ ಮೇಲೆ ಹುಡುಗಿಯರು ಮಣ್ಣಿನ ಹಸು ಕರುಗಳನ್ನಿಟ್ಟು ಕೆಲವು ದಿನ ಕೋಲಾಟವಾಡುವ ವ್ರತವೊಂದಿದ್ದಿತು. ಕಾಲವೂ ಆಡುವವರೂ ಇಕ್ಕೇರಿಯ ಹಬ್ಬಕ್ಕೆ ಎಷ್ಟು ಹತ್ತಿರ!

ಪಶ್ಚಿಮ ದೇಶಗಳಲ್ಲಿಯೂ ಇದಕ್ಕೆ ಸೋದರಿಯರುಂಟು. ಲಂಡನ್ನಿನ ಜಾನ್ ಪ್ಲೇಫೋರ್ಡ್ ಎಂಬ ಪುಸ್ತಕ ವ್ಯಾಪಾರಿಯು ಹಳ್ಳಿಗಾಡಿನ ಕುಣಿತಗಳ ಹೆಜ್ಜೆಗಳನ್ನೂ ರಾಗಗಳನ್ನೂ ಸೇರಿಸಿ ೧೬೫೧ರಲ್ಲಿ ಅಚ್ಚು ಹಾಕಿಸಿದನು. ದೆಲ್ಲಾ ವಾಲ್ಲೆ ರೋಮಿನಲ್ಲಿ ಕಣ್ಣುಮುಚ್ಚಿದ್ದು ಅದರ ಮರುವರ್ಷ. ಅಂತಹ ಕುಣಿತಗಳೇ ಅಮೆರಿಕೆಗೆ ಹೋಗಿ, ಫ್ರೆಂಚರ ಕ್ವಾಡ್ರಿಲ್ಲಿನೊಡನೆ ಬೆರೆತು, ಸ್ಕ್ವೇರ್ ಡಾನ್ಸ್ ಎಂಬ ಚೌಕದ ಕುಣಿತವಾದವು. ನಾಲ್ಕು ಜೋಡಿಗಳು ಚೌಕದ ನಾಲ್ಕು ಬದಿಗಳಲ್ಲಿ ನಿಲ್ಲುವರು. ಒಬ್ಬನು ಹೊರಗೆ ನಿಂತು ಮುಂದಿನ ಹೆಜ್ಜೆಯನ್ನು ಕೂಗಿ ಹೇಳುವನು. ಅವನ ಕೂಗಿನಂತೆ ಜೋಡಿಗಳು ಬದಲಾಗುವವು. ಮೋಟಾರಿನ ಹೆನ್ರಿ ಫೋರ್ಡನು, ಹಳೆಯ ಕುಣಿತಗಳು ನಶಿಸುತ್ತಿವೆಯೆಂದು ಮರುಗಿ, ಬೆಂಜಮಿನ್ ಲವೆಟ್ ಎಂಬ ಶಿಕ್ಷಕನನ್ನು ನೇಮಿಸಿ, ೧೯೨೬ರಲ್ಲಿ ಅವುಗಳ ಪುಸ್ತಕವನ್ನು ಹೊರಡಿಸಿದನು. ಹಳ್ಳಿಯ ಬದುಕನ್ನು ತನ್ನ ಗಾಡಿಗಳಿಂದಲೇ ಬದಲಿಸಿದವನಿಗೆ ಈ ಮರುಕ ಹುಟ್ಟಿದ್ದು ವಿಚಿತ್ರ. ಅಲ್ಲಿಂದ ಮುಂದೆ ಆ ದೇಶದಲ್ಲಿ ಊರೂರಿಗೆ ಚೌಕದ ಕುಣಿತದ ಕ್ಲಬ್ಬುಗಳು ಹುಟ್ಟಿಕೊಂಡವು.

ಕೋಲಾಟಕ್ಕೂ ಅದಕ್ಕೂ ಹೋಲಿಕೆ ಸಾಕಷ್ಟಿದೆ. ಸಮಸಂಖ್ಯೆಯ ಜನ, ಎದುರುಬದುರಿನ ಜೋಡಿ, ಸುತ್ತು ಮುಗಿಯುವುದರೊಳಗೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರಿಗೆ ಒಮ್ಮೆ ಬಂದು ಹೋಗುವ ಏರ್ಪಾಡು. ಆದರೆ ಒಂದು ಭೇದ ಗಮನಿಸತಕ್ಕದ್ದು. ಅಮೆರಿಕೆಯಲ್ಲಿ ಆಜ್ಞೆ ಕೊಡುವವನು ಕುಣಿಯುವುದಿಲ್ಲ. ಇಕ್ಕೇರಿಯಲ್ಲಿ ನುಡಿಯೆತ್ತಿ ಹಾಡುವವಳು ಮೇಳದವಳಲ್ಲೊಬ್ಬಳು, ಅವಳ ಕೈಯಲ್ಲಿಯೂ ಕೋಲುಗಳಿವೆ. ಹೆಜ್ಜೆ ಬದಲಾಗಬೇಕೆಂಬುದನ್ನು ಅವಳು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಹಾಡಿನ ನಡೆಯೇ ಹೇಳುತ್ತದೆ.

ಇಕ್ಕೇರಿಯ ವೈಭವ ಹೆಚ್ಚು ಕಾಲ ಬಾಳಲಿಲ್ಲ. ಬಿಜಾಪುರದ ಸೈನ್ಯ ಬಂದು ಹೋದ ಮೇಲೆ, ೧೬೩೯ರ ಸುಮಾರಿಗೆ ವೀರಭದ್ರನಾಯಕನು ರಾಜಧಾನಿಯನ್ನು ಬಿದನೂರಿಗೆ ಸಾಗಿಸಿದನು. ೧೭೬೩ರಲ್ಲಿ ಬಿದನೂರು ಹೈದರನ ವಶವಾಯಿತು. ಪೇಟೆ ಹೋಗಿ ಗುಡಿ ಉಳಿಯಿತು. ರಾಜಧಾನಿಯ ಮೇಳಗಳು ಚೆದುರಿದರೂ ಆಟವು ಹಳ್ಳಿಗಳಲ್ಲಿ ನಡೆದೇ ಇತ್ತು. ತುಂಗೆಯ ದಡದ ಶಿವಮೊಗ್ಗೆಯು ಜಿಲ್ಲೆಯ ಮುಖ್ಯ ಪಟ್ಟಣವಾಗಿ, ೧೮೯೯ರಲ್ಲಿ ಬೀರೂರಿನಿಂದ ರೈಲು ಬಂದು, ಕಚೇರಿ ಶಾಲೆಗಳು ಬೆಳೆದು, ಇಂಗ್ಲಿಷ್ ಕಲಿತ ಮನೆತನಗಳು ನೆಲೆಸಿದ ಮೇಲೆ ಹೊಸದೊಂದು ಸಂಕೋಚ ತಲೆದೋರಿತು. ದೇವದಾಸಿಯರ ಪದ್ಧತಿಯನ್ನು ಖಂಡಿಸುವ ಚಳವಳಿಯು ಮದರಾಸಿನಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಲವಾಯಿತು. ಮೈಸೂರು ಸರಕಾರವು ೧೯೦೯ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ಅವರ ಸೇವೆಯನ್ನು ನಿಲ್ಲಿಸಿತು. ಆ ಸುಧಾರಣೆ ಅವಶ್ಯವಾದದ್ದೇ. ಆದರೆ ಅದರ ಬಿಸಿ ತಟ್ಟಬಾರದ ಕಡೆಗೂ ತಟ್ಟಿತು. ಹೆಣ್ಣು ಕುಣಿಯುವುದೇ ಕೂಡದೆಂಬ ಭಾವನೆ ಸುಶಿಕ್ಷಿತರಲ್ಲಿ ಹಬ್ಬಿ, ಗೌರಿಯ ಮುಂದೆ ಕೋಲು ಹಿಡಿಯುತ್ತಿದ್ದವಳ ಮೊಮ್ಮಗಳು ಹಾರ್ಮೋನಿಯಮ್ಮಿನ ಮುಂದೆ ಕುಳಿತಳು. ೧೯೩೧ರಲ್ಲಿ ಹಲಸಂಗಿಯ ಗೆಳೆಯರು 'ಗರತಿಯ ಹಾಡು' ಪ್ರಕಟಿಸಿದ ತರುವಾಯ ಹಳ್ಳಿಯ ಪದಗಳಿಗೆ ವಿದ್ವಾಂಸರಲ್ಲಿ ಮನ್ನಣೆ ಬಂದಿತು. ಹಾಡು ಪುಸ್ತಕಕ್ಕೆ ಬಂತು, ಹೆಜ್ಜೆ ಬರಲಿಲ್ಲ.

ಹೆಜ್ಜೆಯನ್ನು ಉಳಿಸಿದ್ದು ಒಂದು ಕಡೆ ಹಳ್ಳಿ, ಇನ್ನೊಂದು ಕಡೆ, ಯಾರೂ ನಿರೀಕ್ಷಿಸದ ಹಾಗೆ, ಹೆಣ್ಣುಮಕ್ಕಳ ಶಾಲೆ. ಕವಾಯತಿನ ಹೆಸರಿನಲ್ಲಿ ಕೋಲಾಟವು ಶಾಲೆಯ ಅಂಗಳವನ್ನು ಹೊಕ್ಕಿತು. ವ್ಯಾಯಾಮವೆಂದರೆ ತಂದೆತಾಯಿಗಳ ಆಕ್ಷೇಪಣೆಯಿಲ್ಲ. ವಾರ್ಷಿಕೋತ್ಸವದ ದಿನ ಪ್ರೇಕ್ಷಕರ ಕಣ್ಣನ್ನು ಹೆಚ್ಚಾಗಿ ಸೆಳೆಯುತ್ತಿದ್ದದ್ದು ಜಡೆಕೋಲಾಟ. ಮೇಲಿನಿಂದ ಇಳಿಬಿಟ್ಟ ಬಣ್ಣದ ಪಟ್ಟಿಗಳ ತುದಿಯನ್ನು ಒಬ್ಬೊಬ್ಬಳು ಒಂದು ಕೈಯಲ್ಲಿ ಹಿಡಿದು, ಒಳಗೆ ಒಬ್ಬಳು ಹೊರಗೆ ಒಬ್ಬಳು ಹಾದುಹೋಗುತ್ತ ಕೋಲು ಹೊಡೆಯುತ್ತಿದ್ದಂತೆ ನಡುವೆ ಜಡೆಯು ಹೆಣೆದುಕೊಳ್ಳುತ್ತದೆ. ಹಿಂದುಮುಂದಾಗಿ ತಿರುಗಿದರೆ ಬಿಚ್ಚಿಕೊಳ್ಳುತ್ತದೆ. ಒಬ್ಬಳು ತಪ್ಪಿದರೂ ಗಂಟು.

ಭದ್ರಾವತಿಯ ಕಥೆ ಬೇರೆ ಬಗೆಯದು. ಬೆಂಕಿಪುರವೆಂದು ಹೆಸರಿದ್ದ, ಲಕ್ಷ್ಮೀನರಸಿಂಹನ ಹೊಯ್ಸಳ ಗುಡಿಯುಳ್ಳ ಆ ಸಣ್ಣ ಊರಿನಲ್ಲಿ ೧೯೧೮ರಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆ ಮೊದಲಾಯಿತು. ೧೯೨೩ರ ಜನವರಿಯಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಸುತ್ತಣ ಕಾಡಿನಿಂದ ಇದ್ದಲು, ಎಲ್ಲ ಕಡೆಯಿಂದಲೂ ಕೆಲಸಗಾರರು. ಕಾಗದದ ಕಾರ್ಖಾನೆಯೂ ಬಂದ ಮೇಲೆ ವಸತಿಗಳ ಸಾಲು ಇನ್ನೂ ಬೆಳೆಯಿತು. ಅಲ್ಲಿ ಕನ್ನಡದ ಮನೆಯ ಪಕ್ಕದಲ್ಲಿ ತಮಿಳರ ಮನೆ, ಆಚೆಗೆ ತೆಲುಗರದು, ಅದರಾಚೆಗೆ ಮಲೆಯಾಳಿಗಳದು. ಕೋಲನ್ನು ಎಲ್ಲರೂ ಬಲ್ಲರು. ಹೆಸರು ಮತ್ತು ಹಾಡು ಬೇರೆ. ಇಕ್ಕೇರಿಯಲ್ಲಿ ಮೇಳವನ್ನು ಕಟ್ಟಿದ ಸೂತ್ರ ನೆರೆಹೊರೆಯೆಂದು ಹೇಳಿತಷ್ಟೆ; ಕಾರ್ಖಾನೆಯ ವಸತಿಯು ನೆರೆಹೊರೆಯನ್ನೇ ಹೊಸದಾಗಿ ಸೃಷ್ಟಿಸಿತು. ಒಂದೇ ಶಾಲೆ, ಒಂದೇ ಮೈದಾನ, ಒಂದೇ ಸೀಟಿಗೆ ಎದ್ದು ಮಲಗುವ ಬೀದಿಗಳು.

ಕಾಗದದ ಕಾರ್ಖಾನೆಯು ೨೦೧೫ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಯಂತ್ರಗಳು ನಿಂತದ್ದನ್ನೂ ಕೂಲಿ ಹೋದದ್ದನ್ನೂ ಪತ್ರಿಕೆಗಳು ಬರೆದವು, ಅದು ಸರಿ. ವಸತಿಯ ಮನೆಗಳು ಖಾಲಿಯಾದಾಗ ಸಂಜೆ ಎಂಟು ಹತ್ತು ಜನ ಒಂದು ಬೀದಿಯಿಂದ ಕೂಡಿಬರುವುದೂ ಕಷ್ಟವಾಗುವುದೆಂಬುದು ಲೆಕ್ಕದ ಪುಸ್ತಕಕ್ಕೆ ಸೇರುವ ನಷ್ಟವಲ್ಲ. ಈಚೆಗೆ ಊರುಗಳಲ್ಲಿ ನವರಾತ್ರಿ ಬಂದಿತೆಂದರೆ ಗುಜರಾತಿನ ದಾಂಡಿಯಾ ಆಡುವ ಸಡಗರ ಹೆಚ್ಚಿದೆ. ಹಣ ಕೊಟ್ಟು ಚೀಟಿ ಪಡೆದು, ಧ್ವನಿವರ್ಧಕದ ಹಾಡಿಗೆ, ಅಂಗಡಿಯ ಕೋಲುಗಳನ್ನು ಹಿಡಿದು, ಪರಿಚಯವಿಲ್ಲದವರ ಎದುರಿಗೆ ನಿಂತು ಆಡುವರು. ಆಕ್ಷೇಪಿಸತಕ್ಕದ್ದೇನೂ ಇಲ್ಲ, ಕೋಲು ಮತ್ತೆ ಸುಶಿಕ್ಷಿತ ಮನೆಗಳ ಹೆಣ್ಣುಮಕ್ಕಳ ಕೈಗೆ ಬಂದಿದೆ. ಆದರೆ ಅಲ್ಲಿ ನುಡಿಯೆತ್ತುವವಳಿಲ್ಲ, ಓಗೊಡುವವರಿಲ್ಲ. ಯಂತ್ರವು ಹಾಡುತ್ತದೆ.

ಅಘೋರೇಶ್ವರನ ಅಂಗಳವು ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹುಲ್ಲು ಬೆಳೆಸಿ, ಬೇಲಿ ಕಟ್ಟಿ, ಅಚ್ಚುಕಟ್ಟಾಗಿ ಇಟ್ಟಿದ್ದಾರೆ. ನಂದಿಮಂಟಪಕ್ಕೂ ಗುಡಿಯ ಮೆಟ್ಟಿಲಿಗೂ ನಡುವೆ ಇರುವ ಸ್ಥಳದಲ್ಲಿ ಹತ್ತು ಜನ ಹುಡುಗಿಯರು ವರ್ತುಲವಾಗಿ ನಿಂತು ಕೋಲು ಬೀಸುವುದಕ್ಕೆ ಈಗಲೂ ಎಡೆಯಿದೆ.